ಕಂಪನಿ ಕೈ ಬದಲಾದರೆ ಫೋನಿನ ಹೆಸರಿಗೆ ಏನು ಬೆಲೆ?

ಕಾಫಿತೋಟದ ಮಗಳು
ಎಲ್ಲರಿಗೂ ನಮಸ್ಕಾರ. ಅಮ್ಮ ಸಕಲೇಶಪುರದ ಹತ್ತಿರ ತೋಟದ ಮನೆಯಲ್ಲಿದ್ದಾರೆ. 2006ರಲ್ಲಿ ಅಪ್ಪ ಕೊಡಿಸಿದ ನೋಕಿಯಾ 1100 ಇಷ್ಟು ವರ್ಷ ನಡೆಯಿತು. ಬ್ಯಾಟರಿ ಮೂರು ಸಲ ಬದಲಾಗಿದೆ. ಕೀಪ್ಯಾಡಿನ ರಬ್ಬರ್ ಮೇಲೆ 5 ಅನ್ನುವ ಅಂಕಿ ಪೂರ್ತಿ ಅಳಿಸಿಹೋಗಿದೆ. ಹೋದ ವಾರ ಜಗಲಿಯಿಂದ ಮೆಟ್ಟಿಲ ಕಲ್ಲಿನ ಮೇಲೆ ಬಿದ್ದು ಡಿಸ್ಪ್ಲೇ ಒಡೆಯಿತು. ಅಮ್ಮನದು ಒಂದೇ ಮಾತು: "ನಂಗೆ ಅದೇ ನೋಕಿಯಾನೇ ಬೇಕು."

ಅಂಗಡಿಗೆ ಹೋದೆ. ಹೆಚ್ಚೂಕಮ್ಮಿ ಒಂದೇ ತರ ಕಾಣುವ ಎರಡು ಸೆಟ್ ಮುಂದಿಟ್ಟರು. ಒಂದರ ಮೇಲೆ ನೋಕಿಯಾ ಅಂತ ಇದೆ, ಇನ್ನೊಂದರ ಮೇಲೆ ಎಚ್‌ಎಂಡಿ ಅಂತ. "ಎರಡೂ ಒಂದೇ ಮೇಡಂ, ಯಾವುದಾದರೂ ತಗೊಳ್ಳಿ" ಅಂದರು. ಒಂದೇ ಹೇಗಾಗುತ್ತೆ? ನೋಕಿಯಾವನ್ನು ಮೈಕ್ರೋಸಾಫ್ಟ್ ಕೊಂಡುಕೊಂಡಿತ್ತು ಅಲ್ವಾ? ಈ ಎಚ್‌ಎಂಡಿ ಯಾರು?

ಇಷ್ಟು ಕೆದಕಿ ಕೇಳುವುದಕ್ಕೆ ಕಾರಣ ಇದೆ. ನನ್ನದೇ ಒಂದು ಸ್ಮಾರ್ಟ್‌ಫೋನ್ ಇತ್ತು. ಕಂಪನಿ ಹೆಸರು ಬೇಡ. ಕೊಂಡ ವರ್ಷವೇ ಆ ಬ್ರ್ಯಾಂಡ್ ಬೇರೆಯವರ ಕೈಗೆ ಹೋಯಿತು. ಹೆಸರು ಹಾಗೇ ಉಳಿಯಿತು, ಊರಲ್ಲಿದ್ದ ಸರ್ವಿಸ್ ಸೆಂಟರ್ ಮುಚ್ಚಿತು. ಚಾರ್ಜಿಂಗ್ ಪಿನ್ ಹಾಕಿಸುವುದಕ್ಕೆ ಬೆಂಗಳೂರಿಗೆ ಕಳಿಸಿ 40 ದಿನ ಕಾದೆ. ಅಮ್ಮನಿಗೆ ಆ ಪಾಡು ಬೇಡ.

ಮಂಡ್ಯದವ
ಮೇಡಂ ಸುಮ್ನೆ ತಗೊಳ್ಳಿ, ಕೀಪ್ಯಾಡ್ ಸೆಟ್‌ಗೆ ಇಷ್ಟು ಯೋಚನೆ ಯಾಕೆ?

ಕಾಫಿತೋಟದ ಮಗಳು
ತೋಟದಲ್ಲಿ ಅಮ್ಮ ಒಬ್ಬರೇ ಇರುತ್ತಾರೆ ಅಣ್ಣ. ರಾತ್ರಿ ಆನೆ ಬಂದರೆ ಕರೆ ಮಾಡುವುದಕ್ಕೆ ಇರುವುದು ಆ ಒಂದು ಫೋನ್. ಅದಕ್ಕೇ ಯೋಚನೆ.

ಮಂಡ್ಯದವ
ಸರಿ ಮೇಡಂ, ಕ್ಷಮಿಸಿ. ನನಗೆ ಗೊತ್ತಿರಲಿಲ್ಲ.

ಲೆಕ್ಕಪತ್ರ
ಮೊದಲು "ನೋಕಿಯಾವನ್ನು ಮೈಕ್ರೋಸಾಫ್ಟ್ ಕೊಂಡಿತು" ಅನ್ನುವ ಮಾತು ಸರಿಮಾಡೋಣ. ಇಡೀ ನೋಕಿಯಾ ಮಾರಾಟ ಆಗಲೇ ಇಲ್ಲ. ಅದರ ಫೋನ್ ವಿಭಾಗ ಮಾತ್ರ ಮಾರಾಟ ಆಯಿತು. 2013ರ ಸೆಪ್ಟೆಂಬರ್ 3ರಂದು ಒಪ್ಪಂದ ಪ್ರಕಟವಾಯಿತು, 2014ರ ಏಪ್ರಿಲ್ 25ಕ್ಕೆ ಮುಗಿಯಿತು. ಬೆಲೆ 544 ಕೋಟಿ ಯೂರೋ. ಅದರಲ್ಲಿ 379 ಕೋಟಿ ಫೋನ್ ವ್ಯವಹಾರಕ್ಕೆ, 165 ಕೋಟಿ ಪೇಟೆಂಟ್ ಬಳಸುವ ಪರವಾನಗಿಗೆ. ಪೇಟೆಂಟ್‌ಗಳು ನೋಕಿಯಾ ಹತ್ತಿರವೇ ಉಳಿದವು. ನೋಕಿಯಾ ಅನ್ನುವ ಹೆಸರೂ ಅವರದ್ದೇ. ಕೀಪ್ಯಾಡ್ ಫೋನ್ ಮೇಲೆ ಆ ಹೆಸರು ಹಾಕಲು ಮೈಕ್ರೋಸಾಫ್ಟ್‌ಗೆ 10 ವರ್ಷದ ಅನುಮತಿ ಸಿಕ್ಕಿತು, ಅಷ್ಟೇ. ಲೂಮಿಯಾ, ಆಶಾ ಅನ್ನುವ ಫೋನ್ ಸರಣಿಗಳ ಹೆಸರುಗಳು ಮಾತ್ರ ಪೂರ್ತಿಯಾಗಿ ಅವರ ಪಾಲಾದವು.

ಹಾಗಾಗಿ 2014ರ ನವೆಂಬರ್‌ನಲ್ಲಿ ಬಂದ ಲೂಮಿಯಾ 535ರ ಮೇಲೆ ನೋಕಿಯಾ ಅನ್ನುವ ಪದವೇ ಇರಲಿಲ್ಲ, ಮೈಕ್ರೋಸಾಫ್ಟ್ ಅಂತ ಇತ್ತು.

ಆಮೇಲೆ 2016ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಕೀಪ್ಯಾಡ್ ವ್ಯವಹಾರವನ್ನು 35 ಕೋಟಿ ಡಾಲರ್‌ಗೆ ಎರಡು ಕಂಪನಿಗಳಿಗೆ ಮಾರಿತು. ಕಾರ್ಖಾನೆ, ತಯಾರಿಕೆ ಕಡೆಯದು ಬೇರೆ ಕಂಪನಿಗಳಿಗೆ ಫೋನ್ ಮಾಡಿಕೊಡುವ ತೈವಾನಿನ ಫಾಕ್ಸ್‌ಕಾನ್‌ನ ಅಂಗವಾದ ಎಫ್‌ಐಎಚ್‌ಗೆ ಹೋಯಿತು. ಹೆಸರು, ವಿನ್ಯಾಸದ ಹಕ್ಕುಗಳು ಎಚ್‌ಎಂಡಿ ಅನ್ನುವ ಫಿನ್‌ಲೆಂಡಿನ ಹೊಸ ಕಂಪನಿಗೆ. ಅದೇ ಹೊತ್ತಿಗೆ ನೋಕಿಯಾ ಕೂಡ ತನ್ನ ಹೆಸರನ್ನು ಎಚ್‌ಎಂಡಿಗೆ 10 ವರ್ಷ ಬಳಸಲು ಕೊಟ್ಟಿತು. ನಿಮ್ಮ ಅಂಗಡಿಯವರು ಸುಳ್ಳು ಹೇಳಿಲ್ಲ. 2024ರಿಂದ ಎಚ್‌ಎಂಡಿ ತನ್ನದೇ ಹೆಸರಲ್ಲೂ ಫೋನ್ ಬಿಡುತ್ತಿದೆ. ಎರಡೂ ಸೆಟ್ ಒಂದೇ ಮನೆಯವು.

ರಿಪೇರಿ ಅಂಗಡಿ, ದಾವಣಗೆರೆ
ನಾನು 19 ವರ್ಷದಿಂದ ಮೊಬೈಲ್ ರಿಪೇರಿ ಮಾಡುತ್ತಿದ್ದೇನೆ. ಕಂಪನಿ ಮಾರಾಟ ಆದ ಸುದ್ದಿ ನಮಗೆ ಪೇಪರ್ ಓದಿ ತಿಳಿಯುವುದಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನ ಹೋಲ್‌ಸೇಲ್‌ನವರು "ಆ ಮಾಡೆಲ್ ಕಾಂಬೋ (ಡಿಸ್ಪ್ಲೇ, ಟಚ್ ಜೋಡಿ) ಇನ್ನು ಬರಲ್ಲ ಅಣ್ಣ" ಅಂದ ದಿನ ತಿಳಿಯುತ್ತದೆ. ಮೊದಲು ಒರಿಜಿನಲ್ ಡಿಸ್ಪ್ಲೇ ನಿಲ್ಲುತ್ತದೆ. ಆಮೇಲೆ ಚಾರ್ಜಿಂಗ್ ಬೋರ್ಡ್. ಕೊನೆಗೆ ಬ್ಯಾಟರಿ. ಕಾಪಿ ಮಾಲು ಮಾತ್ರ ಸಿಗುತ್ತದೆ. ಅದನ್ನು ಹಾಕಿಕೊಟ್ಟರೆ ಎರಡು ತಿಂಗಳಿಗೆ ಟಚ್ ಸತ್ತು, ಗಿರಾಕಿ ನಮ್ಮ ಮೇಲೆ ಕೂಗಾಡುತ್ತಾರೆ.

1100 ವಿಷಯ ಬೇರೆ. ಅದರ ಡಿಸ್ಪ್ಲೇ ಈಗಲೂ ನನ್ನ ಡಬ್ಬಿಯಲ್ಲಿ ನಾಲ್ಕಿವೆ. ಹಿಂದಿನ ಮುಚ್ಚಳ ತೆಗೆದರೆ ಸ್ಕ್ರೂ ಕಾಣುತ್ತದೆ, ಅಂಟು ಇಲ್ಲ, ಬಿಸಿ ಮಾಡುವುದು ಬೇಡ. ಹತ್ತು ನಿಮಿಷದ ಕೆಲಸ. ಮೇಡಂ, ಅಮ್ಮನ ಸೆಟ್ ಎಸೆಯಬೇಡಿ.

ಎಸ್ಪೂ ಕನ್ನಡಿಗ
ನಾನು ಫಿನ್‌ಲೆಂಡಿನ ಎಸ್ಪೂನಲ್ಲಿ ಇದ್ದೇನೆ. ಊರು ತುಮಕೂರು. ಇಲ್ಲಿಂದ ಕಂಡದ್ದು ಸ್ವಲ್ಪ ಬರೆಯುತ್ತೇನೆ.

ನೋಕಿಯಾ ಅನ್ನುವುದು ಇಲ್ಲಿ ಒಂದು ಊರಿನ ಹೆಸರು. 1865ರಲ್ಲಿ ಟಾಂಪೆರೆ ಹತ್ತಿರ ಕಾಗದದ ತಿರುಳು ಮಾಡುವ ಗಿರಣಿಯಾಗಿ ಶುರುವಾದದ್ದು. ಆಮೇಲೆ ರಬ್ಬರ್ ಬೂಟು, ಕೇಬಲ್, ಟಿವಿ, ಕೊನೆಗೆ ಫೋನ್. ಇಲ್ಲಿಯ ವಯಸ್ಸಾದವರಿಗೆ ನೋಕಿಯಾ ಅಂದರೆ ಮಳೆಗಾಲದ ಬೂಟು ಕೂಡ ನೆನಪಾಗುತ್ತದೆ.

ಮೈಕ್ರೋಸಾಫ್ಟ್ ಕೊಂಡ ಮೇಲೆ ಆದದ್ದು ನೋಡಿ. 2014ರ ಏಪ್ರಿಲ್‌ನಲ್ಲಿ ಜನ ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋದರು. ಜುಲೈನಲ್ಲಿ ಮೈಕ್ರೋಸಾಫ್ಟ್ 18,000 ಕೆಲಸ ತೆಗೆಯುವುದಾಗಿ ಹೇಳಿತು. ಅದರಲ್ಲಿ ಸುಮಾರು 12,500 ನೋಕಿಯಾದಿಂದ ಬಂದವರದ್ದು. ನಡುವೆ ಮೂರು ತಿಂಗಳೂ ತುಂಬಿರಲಿಲ್ಲ. ಔಲು ಅನ್ನುವ ಊರಿನ ಕಚೇರಿ ಆ ಸುತ್ತಿನಲ್ಲಿ ಹೋಯಿತು. 2015ರಲ್ಲಿ ಇನ್ನೂ 7,800 ಕೆಲಸ ತೆಗೆದರು, ಆಗ ಸಾಲೋ ಸರದಿ. ಸಾಲೋದಲ್ಲಿದ್ದ ಫೋನ್ ಕಾರ್ಖಾನೆಯನ್ನು 2012ರಲ್ಲಿ ನೋಕಿಯಾವೇ ಮುಚ್ಚಿತ್ತು. ಊರಿನಲ್ಲಿ ಅರ್ಧ ಮನೆಗಳು ಒಂದೇ ಸಂಬಳದ ಮೇಲೆ ನಿಂತಿದ್ದರೆ ಏನಾಗುತ್ತದೆ ಅಂತ ಚಿನ್ನದ ಗಣಿ ಮುಚ್ಚಿದ ಮೇಲಿನ ಕೆಜಿಎಫ್ ಊರು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ಒಂದು ಒಳ್ಳೆಯ ವಿಷಯವೂ ಹೇಳಲೇಬೇಕು. ಮಾರಾಟಕ್ಕೆ ಮುಂಚಿನ ಕೆಲಸ ಕಡಿತದ ಸಮಯದಲ್ಲಿ, 2011ರಿಂದ, ನೋಕಿಯಾ ಬ್ರಿಡ್ಜ್ ಅನ್ನುವ ಯೋಜನೆ ನಡೆಸಿತು. ಹೊಸ ಕಂಪನಿ ಕಟ್ಟುವವರಿಗೆ ತಲಾ 25,000 ಯೂರೋ ತನಕ ಕೊಟ್ಟರು. ಅದರಿಂದ ನೂರಾರು ಸಣ್ಣ ಕಂಪನಿಗಳು ಹುಟ್ಟಿದವು. ಹೋಗುವವರ ಕೈಗೆ ಏನಾದರೂ ಇಟ್ಟು ಕಳಿಸುವ ಮನಸ್ಸು ಅದು. ನನಗೆ ಆ ಕಂಪನಿ ಮೇಲೆ ಗೌರವ ಉಳಿದಿರುವುದು ಈ ಕಾರಣಕ್ಕೆ.

ಸಿಂಬಿಯನ್ ಅಭಿಮಾನಿ
ಎಲ್ಲಾ ಆ ನೋಕಿಯಾ ಸಿಇಒ ಸ್ಟೀಫನ್ ಇಲಾಪ್ ಮಾಡಿದ್ದು. ಮೈಕ್ರೋಸಾಫ್ಟ್‌ನಿಂದ 2010ರ ಸೆಪ್ಟೆಂಬರ್‌ನಲ್ಲಿ ಬಂದ. 2011ರ ಫೆಬ್ರವರಿಯಲ್ಲಿ "ನಾವು ಉರಿಯುವ ಕಟ್ಟೆಯ ಮೇಲೆ ನಿಂತಿದ್ದೇವೆ" ಅಂತ ಸಿಬ್ಬಂದಿಗೆ ಪತ್ರ ಬರೆದ. ಅದೇ ವಾರ ಮೈಕ್ರೋಸಾಫ್ಟ್‌ನ ವಿಂಡೋಸ್ ಫೋನ್ ಓಎಸ್ (ಫೋನ್ ನಡೆಸುವ ತಂತ್ರಾಂಶ) ಬಳಸುವ ಒಪ್ಪಂದ ಪ್ರಕಟಿಸಿದ. ಮೊದಲ ಲೂಮಿಯಾ ಅಂಗಡಿಗೆ ಬಂದದ್ದು ಆ ವರ್ಷದ ಕೊನೆಗೆ. ಅಲ್ಲಿಯವರೆಗೆ ನೋಕಿಯಾದ ಹಳೆಯ ಓಎಸ್ ಸಿಂಬಿಯನ್ ಇರುವ ಫೋನ್ ಯಾರು ಕೊಳ್ಳುತ್ತಾರೆ? ಅಂಗಡಿಯವನೇ ಹೊರಗೆ ನಿಂತು "ನನ್ನ ಮಾಲು ಹಳೆಯದು" ಅಂತ ಕೂಗಿದರೆ ವ್ಯಾಪಾರ ಆಗುತ್ತಾ? ಎನ್9 ಅಂಥ ಚಂದದ ಫೋನ್ ಬಂತು, ಅದರಲ್ಲಿ ಮೀಗೋ ಅನ್ನುವ ಹೊಸ ಓಎಸ್ ಇತ್ತು. ಅದನ್ನು ಅಮೆರಿಕ, ಬ್ರಿಟನ್ ಅಂಥ ದೇಶಗಳಲ್ಲಿ ಬಿಡಲೇ ಇಲ್ಲ. ಕೊನೆಗೆ ಫೋನ್ ವಿಭಾಗ ಮಾರಿ ವಾಪಸ್ ಮೈಕ್ರೋಸಾಫ್ಟ್‌ಗೇ ಹೋದ, ಸುಮಾರು 2.4 ಕೋಟಿ ಯೂರೋ ತಗೊಂಡು.

ಲೆಕ್ಕಪತ್ರ
ಆ ಹಣದಲ್ಲಿ ಶೇ 70ರಷ್ಟನ್ನು ಮೈಕ್ರೋಸಾಫ್ಟ್ ಕೊಟ್ಟದ್ದು. ಫಿನ್‌ಲೆಂಡಿನಲ್ಲಿ ಜನ ಸಿಟ್ಟಾದದ್ದು ನಿಜ. ಆದರೆ ಬೇಕಂತಲೇ ಮುಳುಗಿಸಿದ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಐಫೋನ್ ಬಂದದ್ದು 2007ರಲ್ಲಿ, ಆಂಡ್ರಾಯ್ಡ್ ಫೋನ್ 2008ರಲ್ಲಿ. ಇಲಾಪ್ ಬರುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು. ಸಿಂಬಿಯನ್ ಹುಟ್ಟಿದ್ದು ಕೀಪ್ಯಾಡ್ ಕಾಲಕ್ಕೆ, ಅದಕ್ಕೆ ಟಚ್ ಹೊಂದಿಸಲು ಒದ್ದಾಡುತ್ತಿದ್ದರು. ನಾನು ನೋಕಿಯಾದ ಟಚ್ ಫೋನ್ 5800 ಬಳಸಿದವನು, ಬೆರಳು ಸಾಲದೆ ಉಗುರಿನಲ್ಲಿ ಒತ್ತಬೇಕಿತ್ತು. ಅಲ್ಲದೆ ವಿಂಡೋಸ್ ಒಪ್ಪಂದಕ್ಕೆ ಸಹಿ ಹಾಕಲು ಆಡಳಿತ ಮಂಡಳಿಯ ಒಪ್ಪಿಗೆ ಬೇಕಿತ್ತು. ಒಬ್ಬನ ತಲೆಗೆ ಕಟ್ಟುವುದು ಸುಲಭ.

ಸಿಂಬಿಯನ್ ಅಭಿಮಾನಿ
5800ಗೆ ಬಾಕ್ಸಲ್ಲೇ ಸ್ಟೈಲಸ್ ಕೊಡುತ್ತಿದ್ದರು ಸ್ವಾಮಿ.

ಲೆಕ್ಕಪತ್ರ
ಅದೇ ನಾನು ಹೇಳುತ್ತಿರುವುದು.

ಲೂಮಿಯಾ 520
ವಿಂಡೋಸ್ ಫೋನನ್ನು ಯಾರೂ ಬೈಯಬೇಡಿ. ನನ್ನ 520 ಕಡಿಮೆ ರ್‍ಯಾಮ್‌ನಲ್ಲೂ ಬೆಣ್ಣೆ ತರ ಓಡುತ್ತಿತ್ತು. ಬೇಜಾರು ಇರುವುದು ಬೇರೆ ವಿಷಯಕ್ಕೆ. ವಿಂಡೋಸ್ ಫೋನ್ 7ರ ಸೆಟ್ ಕೊಂಡವರಿಗೆ 2012ರಲ್ಲಿ "ನಿಮಗೆ 8 ಸಿಗಲ್ಲ" ಅಂದರು. ಕೊಂಡು ಒಂದು ವರ್ಷವೂ ಆಗಿರದವರು ಎಷ್ಟೋ ಜನ. ಆಪ್ ಮಾಡುವವರು ಅಲ್ಲಿಂದ ಕೈ ಬಿಡುತ್ತಾ ಬಂದರು. 2019ರ ಡಿಸೆಂಬರ್ 31ಕ್ಕೆ ವಾಟ್ಸಾಪ್ ಕೂಡ ನಿಂತಿತು. ಅವತ್ತು ಫೋನ್ ಸರಿಯಾಗೇ ಇತ್ತು, ಸ್ಕ್ರೀನ್ ಮೇಲೆ ಒಂದು ಗೀರಿಲ್ಲ. ಆದರೂ ಬೀರುವಿನಲ್ಲಿ ಎತ್ತಿಡಬೇಕಾಯಿತು.

ಕೋಲಾರ ಎಕ್ಸ್‌ಪ್ರೆಸ್
ಎಲ್ಲರೂ ಫಿನ್‌ಲೆಂಡ್ ಬಗ್ಗೆ ಬರೆದಿರಿ. ನಮ್ಮ ಪಕ್ಕದ, ಚೆನ್ನೈ ಹತ್ತಿರದ ಶ್ರೀಪೆರಂಬುದೂರ್ ಮರೆತಿರಾ?

ನಾನು ಆ ಕಡೆ ಬೇರೊಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ನೋಕಿಯಾ ಅಲ್ಲಿ ಶುರುವಾದದ್ದು 2006ರಲ್ಲಿ. ಶಿಫ್ಟ್ ಬದಲಾಗುವ ಹೊತ್ತಿಗೆ ಹೆದ್ದಾರಿ ಬದಿಯಲ್ಲಿ ಕಂಪನಿ ಬಸ್ಸುಗಳ ಸಾಲು ನಿಲ್ಲುತ್ತಿತ್ತು. ಇಳಿಯುವವರು ಹೆಚ್ಚಾಗಿ ಹುಡುಗಿಯರೇ, ಇಪ್ಪತ್ತು ಇಪ್ಪತ್ತೆರಡು ವಯಸ್ಸು, ಕುತ್ತಿಗೆಯಲ್ಲಿ ಐಡಿ ಕಾರ್ಡ್, ಕೈಯಲ್ಲಿ ಊಟದ ಡಬ್ಬಿ. ಮನೆಗೆ ಮೊದಲ ಸಂಬಳ ತಂದವರು. ಒಂದು ಕಾಲಕ್ಕೆ ಅಲ್ಲಿ 8,000ಕ್ಕೂ ಮೇಲೆ ಜನ ಇದ್ದರು. ನೋಕಿಯಾದ ಅತಿ ದೊಡ್ಡ ಕಾರ್ಖಾನೆಗಳಲ್ಲಿ ಅದೂ ಒಂದು.

2013ರ ಜನವರಿಯಲ್ಲಿ ಆದಾಯ ತೆರಿಗೆಯವರು ಬಂದರು. ಫಿನ್‌ಲೆಂಡಿನ ಮೂಲ ಕಂಪನಿಗೆ ಸಾಫ್ಟ್‌ವೇರ್ ಬಾಬ್ತು ಕಟ್ಟಿದ ಹಣಕ್ಕೆ ತೆರಿಗೆ ಹಿಡಿದಿಲ್ಲ ಅಂತ 2,000 ಕೋಟಿ ರೂಪಾಯಿಗೂ ಜಾಸ್ತಿ ಕೇಳಿದರು. ಕೇಸು ಕೋರ್ಟಿಗೆ ಹೋಯಿತು, ಆಸ್ತಿ ಮಾರುವಂತಿಲ್ಲ ಅಂತ ತಡೆ ಬಿತ್ತು. ಹಾಗಾಗಿ ಮೈಕ್ರೋಸಾಫ್ಟ್ ಕೊಂಡ ಪಟ್ಟಿಯಲ್ಲಿ ಈ ಕಾರ್ಖಾನೆ ಸೇರಲೇ ಇಲ್ಲ. ಸ್ವಲ್ಪ ದಿನ ಮೈಕ್ರೋಸಾಫ್ಟ್‌ಗೇ ಫೋನ್ ಮಾಡಿಕೊಟ್ಟರು. ಆರ್ಡರ್ ನಿಂತಿತು. 2014ರ ನವೆಂಬರ್ 1ಕ್ಕೆ ಬೀಗ. ಅದೇ ಆವರಣದಲ್ಲಿದ್ದ ಫಾಕ್ಸ್‌ಕಾನ್ ಘಟಕವೂ ಡಿಸೆಂಬರ್‌ನಲ್ಲಿ ನಿಂತಿತು.

ತೆರಿಗೆ ಸರಿಯೋ ತಪ್ಪೋ ನಾನು ಹೇಳಲ್ಲ, 2018ರಲ್ಲಿ ಎರಡು ದೇಶಗಳ ನಡುವೆ ಅದು ಇತ್ಯರ್ಥವಾಯಿತು. ಆದರೆ ಬಸ್ಸು ನಿಂತಮೇಲೆ ಆ ಹುಡುಗಿಯರ ಕೆಲಸ ಯಾರೂ ವಾಪಸ್ ಕೊಡಲಿಲ್ಲ. ಅವರು ವಿಂಡೋಸ್ ಬೇಕು ಅಂತ ಕೇಳಿದವರೂ ಅಲ್ಲ, ಸಿಂಬಿಯನ್ ಬೇಡ ಅಂದವರೂ ಅಲ್ಲ.

ಎಸ್ಪೂ ಕನ್ನಡಿಗ
ಒಳ್ಳೆಯದು ನೆನಪಿಸಿದಿರಿ ಅಣ್ಣ. ಆ ಜಾಗವನ್ನು ಆಮೇಲೆ ಸಾಲ್‌ಕಾಂಪ್ ತೆಗೆದುಕೊಂಡಿತು, ಚಾರ್ಜರ್ ಮಾಡುವವರು. ಅದರ ಮೂಲವೂ ಫಿನ್‌ಲೆಂಡ್, ಸಾಲೋ.

ಕೋಲಾರ ಎಕ್ಸ್‌ಪ್ರೆಸ್
ಹೌದು, 2019ರಲ್ಲಿ. ಐದು ವರ್ಷ ಖಾಲಿ ಬಿದ್ದಿತ್ತು.

ಹಳೇ ಮೋಟೋ
ಮೋಟೊರೋಲಾ ಕಥೆ ಇನ್ನೂ ಸುತ್ತು. ಗೂಗಲ್ 1,250 ಕೋಟಿ ಡಾಲರ್ ಕೊಟ್ಟು ಕೊಂಡು, ಎರಡೇ ವರ್ಷಕ್ಕೆ 291 ಕೋಟಿಗೆ ಚೀನಾದ ಲೆನೊವೊಗೆ ಮಾರಿತು. ಎಂಥಾ ನಷ್ಟ! ಆದರೆ ಆ ಎರಡು ವರ್ಷದಲ್ಲಿ ಬಂದ ಮೊದಲ ಮೋಟೋ ಜಿ ಇದೆಯಲ್ಲ, ಅದು ನಮ್ಮ ಕಾಲೇಜಿನ ಫೋನ್. 2014ರ ಫೆಬ್ರವರಿಯಲ್ಲಿ ಇಲ್ಲಿ ಫ್ಲಿಪ್‌ಕಾರ್ಟ್‌ನಲ್ಲಿ ಮಾತ್ರ ಬಿಟ್ಟರು, 8 ಜಿಬಿಗೆ 12,499 ರೂಪಾಯಿ. ಆನ್‌ಲೈನಲ್ಲಿ ಫೋನ್ ತಗೊಂಡರೆ ಕಲ್ಲು ಬರುತ್ತೆ ಅಂತ ಹೆದರುತ್ತಿದ್ದ ನಮ್ಮಪ್ಪ ಮೊದಲ ಸಲ ಒಪ್ಪಿದ್ದು ಅದಕ್ಕೇ.

ಲೆಕ್ಕಪತ್ರ
ಲೆಕ್ಕ ಹಾಗಲ್ಲ. ಮೋಟೊರೋಲಾ ಕೈಯಲ್ಲಿ ಸುಮಾರು 300 ಕೋಟಿ ಡಾಲರ್ ನಗದು ಇತ್ತು, ಅದೂ ಗೂಗಲ್‌ಗೇ ಬಂತು. ಟಿವಿ ಸೆಟ್ ಟಾಪ್ ಬಾಕ್ಸ್ ವಿಭಾಗವನ್ನು ಬೇರೆಯಾಗಿ 235 ಕೋಟಿಗೆ ಮಾರಿದರು. ಪೇಟೆಂಟ್ ಸುಮಾರು 17,000 ಇದ್ದವು, ಬಹುಪಾಲು ಗೂಗಲ್ ತಾನೇ ಇಟ್ಟುಕೊಂಡಿತು. ಅವರು ಕೊಂಡದ್ದೇ ಪೇಟೆಂಟ್ ಸಲುವಾಗಿ ಅನ್ನುವವರು ಜಾಸ್ತಿ.

ವಾಕಿಟಾಕಿ
ಪೊಲೀಸರ ಕೈಯಲ್ಲಿರುವ ಮೋಟೊರೋಲಾ ಕೂಡ ಚೀನಾದ್ದಾಯಿತಾ ಹಾಗಾದರೆ?

ಹಳೇ ಮೋಟೋ
ಇಲ್ಲ. 2011ರ ಜನವರಿಯಲ್ಲೇ ಕಂಪನಿ ಎರಡು ಹೋಳಾಗಿತ್ತು. ವಾಕಿಟಾಕಿ ಮಾಡುವ ಮೋಟೊರೋಲಾ ಸೊಲ್ಯೂಷನ್ಸ್ ಈಗಲೂ ಅಮೆರಿಕದ್ದೇ. ಲೆನೊವೊಗೆ ಹೋದದ್ದು ಫೋನ್ ಕಡೆಯದು. ಗುರುತು ಮಾತ್ರ ಇಬ್ಬರದೂ ಅದೇ ರೆಕ್ಕೆಯ ಎಂ ಅಕ್ಷರ. ಅಣ್ಣ ತಮ್ಮ ಪಾಲಾದ ಮೇಲೂ ಇಬ್ಬರ ಅಂಗಡಿ ಮೇಲೂ ಅಪ್ಪನ ಹೆಸರು ಇರುತ್ತಲ್ಲ, ಹಾಗೆ.

ಶಿವಮೊಗ್ಗ ಮೇಷ್ಟ್ರು
ಸೀಮೆನ್ಸ್ ಫೋನ್ ಯಾರಾದರೂ ಬಳಸಿದ್ದೀರಾ? ಚೆನ್ನಾಗಿದ್ದವು. ಜರ್ಮನಿಯ ಸೀಮೆನ್ಸ್ ತನ್ನ ಫೋನ್ ವಿಭಾಗವನ್ನು 2005ರಲ್ಲಿ ತೈವಾನಿನ ಬೆನ್‌ಕ್ಯೂಗೆ ಕೊಟ್ಟಿತು. ಬೆನ್‌ಕ್ಯೂ ದುಡ್ಡು ಕೊಟ್ಟು ಕೊಂಡದ್ದೂ ಅಲ್ಲ. ಕರೆದುಕೊಂಡು ಹೋಗಿ ಅಂತ ಸೀಮೆನ್ಸೇ ಕೈಯಿಂದ ಹಣ ಹಾಕಿತು. ಒಂದು ವರ್ಷ ಆಯಿತು. 2006ರ ಸೆಪ್ಟೆಂಬರ್‌ನಲ್ಲಿ ಬೆನ್‌ಕ್ಯೂ ಜರ್ಮನಿಯ ಘಟಕಕ್ಕೆ ಹಣ ಹಾಕುವುದು ನಿಲ್ಲಿಸಿತು, ಅದು ದಿವಾಳಿಯಾಯಿತು. ಸುಮಾರು 3,000 ಜನ ಬೀದಿಗೆ ಬಂದರು. ಅದರ ಮುಂದೆ ನೋಕಿಯಾ ಕಥೆಯೇ ವಾಸಿ, ಹೆಸರಾದರೂ ಉಳಿಯಿತು.

ಪಾಮ್ ಪ್ರೇಮಿ
ವಿಷಯ ಸ್ವಲ್ಪ ಬೇರೆ. ಮನೆಯಲ್ಲಿ ಎಲ್‌ಜಿ ಟಿವಿ ಇದ್ದರೆ ಸೆಟ್ಟಿಂಗ್ಸ್ ತೆಗೆದು ನೋಡಿ, ವೆಬ್‌ಓಎಸ್ ಅಂತ ಇರುತ್ತದೆ. ಅದು ಪಾಮ್ ಕಂಪನಿ ಫೋನಿಗಾಗಿ ಮಾಡಿದ ಓಎಸ್. 2010ರಲ್ಲಿ ಎಚ್‌ಪಿ 120 ಕೋಟಿ ಡಾಲರ್‌ಗೆ ಪಾಮ್ ಕೊಂಡಿತು. 2011ರಲ್ಲಿ ಆ ಓಎಸ್ ಇರುವ ಟಚ್‌ಪ್ಯಾಡ್ ಅನ್ನುವ ಟ್ಯಾಬ್ಲೆಟ್ ಬಿಟ್ಟು, 49 ದಿನಕ್ಕೆ ನಿಲ್ಲಿಸಿತು. ವೆಬ್‌ಓಎಸ್ ಎಲ್‌ಜಿಗೆ ಹೋಯಿತು, ಪಾಮ್ ಅನ್ನುವ ಹೆಸರು ಚೀನಾದ ಟಿಸಿಎಲ್ ಕಂಪನಿಗೆ. ಹೆಸರು ಒಂದು ದಿಕ್ಕು, ಜೀವ ಒಂದು ದಿಕ್ಕು. ಆ ಹೆಸರಿನ ಫೋನ್ ಬೇಕಾ, ಆ ಜೀವ ಇರುವ ಟಿವಿ ಬೇಕಾ ಅಂದರೆ ನಾನು ಟಿವಿಯನ್ನೇ ಪಾಮ್ ಅನ್ನುತ್ತೇನೆ.

ಮಂಡ್ಯದವ
ಗುರು ನಮ್ಮ ಮನೇಲಿ ಅದೇ ಟಿವಿ. ಈಗ ತೆಗೆದು ನೋಡಿದೆ, ಹೌದು!

ಸಿಂಬಿಯನ್ ಅಭಿಮಾನಿ
ಪಾಮ್ ಪ್ರೇಮಿ ಹೇಳಿದ್ದನ್ನೇ ನಾನು ನೋಕಿಯಾಗೂ ಹೇಳುತ್ತೇನೆ. ಎಚ್‌ಎಂಡಿ ಮಾಡುವುದು ನೋಕಿಯಾ ಅಲ್ಲ. ಬಾಡಿಗೆ ಬೋರ್ಡು.

ಎಸ್ಪೂ ಕನ್ನಡಿಗ
ಅಷ್ಟು ಕಡ್ಡಿ ಮುರಿದ ಹಾಗೆ ಹೇಳಬೇಡಿ. ಎಚ್‌ಎಂಡಿ ಇರುವುದು ಇದೇ ಎಸ್ಪೂನಲ್ಲಿ. ಶುರು ಮಾಡಿದವರಲ್ಲಿ ಬಹಳ ಮಂದಿ ಹಳೆಯ ನೋಕಿಯಾದವರೇ. 2020ರಲ್ಲಿ ಅವರಿಗೆ 23 ಕೋಟಿ ಡಾಲರ್ ಹೂಡಿಕೆ ಬಂದಾಗ ಗೂಗಲ್, ಕ್ವಾಲ್ಕಾಮ್ ಜೊತೆ ನೋಕಿಯಾ ಕೂಡ ಸೇರಿತ್ತು. ಅಂಗಡಿ ಬೇರೆ, ಅಡುಗೆಯವರು ಹಳಬರು.

ಇನ್ನು ಈಗಿನ ನೋಕಿಯಾ ಟವರ್ ಕಡೆಯ ಸಲಕರಣೆ ಮಾಡುತ್ತದೆ. ಅದೇ ಕೆಲಸದ ಅಲ್ಕಾಟೆಲ್ ಲೂಸೆಂಟ್ ಕಂಪನಿ ಕೊಂಡ ಮೇಲೆ ಅಮೆರಿಕದ ಹೆಸರಾಂತ ಸಂಶೋಧನಾಲಯ ಬೆಲ್ ಲ್ಯಾಬ್ಸ್ ಕೂಡ ಅವರದ್ದೇ. ಬೆಂಗಳೂರಿನಲ್ಲಿ ದೊಡ್ಡ ಕಚೇರಿ ಇದೆ. ಏರ್‌ಟೆಲ್, ಜಿಯೋ ಎರಡಕ್ಕೂ ಸಾಮಾನು ಕೊಡುತ್ತಾರೆ. ನೀವು ಯಾವ ಫೋನ್ ಹಿಡಿದರೂ ಕರೆ ಎಷ್ಟೋ ಕಡೆ ನೋಕಿಯಾ ಪೆಟ್ಟಿಗೆಯ ಮೂಲಕವೇ ಹೋಗುತ್ತದೆ.

ಸಿಂಬಿಯನ್ ಅಭಿಮಾನಿ
ಇರಬಹುದು. ನನಗೆ ಒಪ್ಪಿಗೆ ಇಲ್ಲ. ಎನ್9 ಮಾಡಿದ ತಂಡ ಇವತ್ತು ಒಟ್ಟಿಗೆ ಇಲ್ಲ, ಅದೇ ನನ್ನ ನೋವು.

ಲೂಮಿಯಾ 520
ಆ ತಂಡದ ಕೆಲವರು ಯೊಲ್ಲಾ ಅಂತ ಕಂಪನಿ ಕಟ್ಟಿ, ಸೈಲ್‌ಫಿಶ್ ಅನ್ನುವ ಓಎಸ್ ಮಾಡಿದರು. ಮೀಗೋ ಬೇರು ಅಲ್ಲಿದೆ.

ರಿಪೇರಿ ಅಂಗಡಿ, ದಾವಣಗೆರೆ
ಮೇಡಂ ಕೇಳಿದ್ದಕ್ಕೆ ಯಾರೂ ನೇರ ಉತ್ತರ ಕೊಟ್ಟಿಲ್ಲ. ನಾನು ಹೇಳುತ್ತೇನೆ.

ಮೊದಲು ಅಮ್ಮನ ಸಿಮ್ ಯಾವುದು ನೋಡಿ. ಜಿಯೋ ಆದರೆ 2ಜಿ ಕೀಪ್ಯಾಡ್ ಸೆಟ್ ಕೆಲಸಕ್ಕೆ ಬರಲ್ಲ, ಅವರಲ್ಲಿ 2ಜಿ ಇಲ್ಲ. 4ಜಿ ಸೆಟ್ಟೇ ಬೇಕು. ಬೇರೆ ಸಿಮ್ ಆದರೂ ತೋಟದಲ್ಲಿ ಯಾವ ಸಿಗ್ನಲ್ ಬರುತ್ತೆ ನೋಡಿ ತಗೊಳ್ಳಿ. ಹೆಸರಿಗಿಂತ ಅದು ಮುಖ್ಯ.

ಆಮೇಲೆ ಅಂಗಡಿಯಲ್ಲೇ ಹಿಂದಿನ ಮುಚ್ಚಳ ತೆಗೆಸಿ, ಬ್ಯಾಟರಿ ನಂಬರ್ ಓದಿ. ಆ ಬ್ಯಾಟರಿ ನಿಮ್ಮ ಊರಲ್ಲಿ ಸಿಗುತ್ತಾ ಅಂತ ಪಕ್ಕದ ರಿಪೇರಿಯವರನ್ನು ಕೇಳಿ. ಸಿಗುತ್ತೆ ಅಂದರೆ ಕಣ್ಣುಮುಚ್ಚಿ ತಗೊಳ್ಳಿ, ಮೇಲೆ ಯಾರ ಹೆಸರಾದರೂ ಇರಲಿ. ಕಂಪನಿ ಯಾರ ಕೈಗೆ ಹೋದರೂ ಬ್ಯಾಟರಿ ಮತ್ತು ಚಾರ್ಜಿಂಗ್ ಪಿನ್ ಬಜಾರಿನಲ್ಲಿ ಸಿಕ್ಕರೆ ಕೀಪ್ಯಾಡ್ ಸೆಟ್ ಬದುಕುತ್ತದೆ. ಟಾರ್ಚ್ ಬಟನ್ ಎಲ್ಲಿದೆ ಅಂತ ಅಮ್ಮನಿಗೇ ಒತ್ತಲು ಕೊಡಿ. ವಯಸ್ಸಾದವರಿಗೆ ಮೆನು ಒಳಗೆ ಹೋಗಿ ಟಾರ್ಚ್ ಹಾಕು ಅಂದರೆ ಆಗಲ್ಲ.

ಕಾಫಿತೋಟದ ಮಗಳು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟೆಲ್ಲ ಇದರ ಹಿಂದೆ ಇದೆ ಅಂತ ಗೊತ್ತೇ ಇರಲಿಲ್ಲ. ಕೋಲಾರದ ಅಣ್ಣ ಬರೆದ ಬಸ್ಸಿನ ಮಾತು ಓದಿ ಅಮ್ಮನ ಸೆಟ್ ಬಿಚ್ಚಿ ನೋಡಿದೆ. ಬ್ಯಾಟರಿ ಕೆಳಗಿನ ಚೀಟಿಯಲ್ಲಿ ಮೇಡ್ ಇನ್ ಇಂಡಿಯಾ ಅಂತ ಇದೆ. 2006ರದ್ದು. ಹಾಗಾದರೆ ಶ್ರೀಪೆರಂಬುದೂರಿನಲ್ಲೇ ಮಾಡಿದ್ದಾ?

ಕೋಲಾರ ಎಕ್ಸ್‌ಪ್ರೆಸ್
ನೋಕಿಯಾಗೆ ಇಲ್ಲಿ ಇದ್ದ ಫೋನ್ ಕಾರ್ಖಾನೆ ಅದೊಂದೇ ಅಕ್ಕ. ಅಲ್ಲಿಯದ್ದೇ.

ಕಾಫಿತೋಟದ ಮಗಳು
ಹಾಗಾದರೆ ಅದನ್ನು ದಾವಣಗೆರೆಗೆ ಕೊರಿಯರ್ ಮಾಡುತ್ತೇನೆ, ಡಿಸ್ಪ್ಲೇ ಹಾಕಿಕೊಡಿ ಅಣ್ಣ. ಸೆಟ್ ಬರುವ ತನಕ ಅಮ್ಮನಿಗೆ ಹೊಸ 4ಜಿ ಕೀಪ್ಯಾಡ್ ತಂದುಕೊಟ್ಟೆ, ಎಚ್‌ಎಂಡಿ ಅಂತ ಬರೆದಿರುವುದು. ಅಮ್ಮ ಹೆಸರು ಓದಲೇ ಇಲ್ಲ. ಕೈಗೆ ತಗೊಂಡವರೇ ಟಾರ್ಚ್ ಹಾಕಿ ಕೊಟ್ಟಿಗೆ ಕಡೆ ಬೆಳಕು ಬಿಟ್ಟು ನೋಡಿದರು. "ಬೆಳಕು ಸಾಲದು" ಅಂದರು.

ರಿಪೇರಿ ಅಂಗಡಿ, ದಾವಣಗೆರೆ
ಕಳಿಸಿ ಮೇಡಂ. ಬ್ಯಾಟರಿ ಕಳಿಸಬೇಡಿ, ಕೊರಿಯರ್‌ನವರು ತಗೊಳ್ಳಲ್ಲ. ಅದು ಬಿಎಲ್ 5ಸಿ. ಊದಿಕೊಂಡಿಲ್ಲ ತಾನೇ? ಹಾಗಿದ್ದರೆ ಅಲ್ಲಿಯವರೆಗೆ ಮನೆಯಲ್ಲಿ ಸಣ್ಣ ಎಫ್ಎಂ ರೇಡಿಯೋ ಇದ್ದರೆ ಅದಕ್ಕೆ ಹಾಕಿ, ಬಹಳ ರೇಡಿಯೋಗಳಿಗೆ ಅದೇ ಬ್ಯಾಟರಿ.

ಕಾಫಿತೋಟದ ಮಗಳು
ಊದಿಲ್ಲ. ಅಪ್ಪನ ರೇಡಿಯೋ ಅಟ್ಟದ ಮೇಲಿತ್ತು, ಈಗಷ್ಟೇ ಹಾಕಿ ನೋಡಿದೆ. ಹಾಸನ ಆಕಾಶವಾಣಿ ಹಿಡಿಯಿತು.